ಒಂದು ಸಾಸಿವೆ ಬೇಕರಿ ಕಡೆ

ರುದ್ರವ್ವ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವಳ ಗಂಡ ಫಕೀರಪ್ಪ ಪುಣೆಯ ಕೋಥರೂಡದಲ್ಲಿ ರೇಡಿಯೋ, ಟೀವಿ, ಚಾರ್ಜರು, ರಿಮೋಟು ರಿಪೇರಿ ಮಾಡುತ್ತಿದ್ದ. ದೊಡ್ಡ ಹೌಸಿಂಗ್ ಸೊಸಾಯಟಿ ಕಟ್ಟಡದ ಕೆಳಗೆ ರಸ್ತೆಗೆ ಬಾಯಿ ತೆರೆದ ಗೂಡಿನಂಥ ಅಂಗಡಿ. ಒಳಗೆ ಇಬ್ಬರು ಕೂತರೆ ಮೂರನೆಯವರು ಹೊರಗೇ ನಿಲ್ಲಬೇಕು. ಒಂದು ಮಗ್ಗುಲಿಗೆ ಬೇಕರಿ. ಇನ್ನೊಂದು ಮಗ್ಗುಲಿಗೆ ಮುನಿಸ್ವಾಮಿಯ ಇಸ್ತ್ರಿ ಗಾಡಿ. ಹಿಂದೆ ಗೋಡೆ.

ಗಣಪತಿಯನ್ನು ನೀರಿಗೆ ಬಿಟ್ಟ ಮರುವಾರ ಫಕೀರಪ್ಪ ತೀರಿಕೊಂಡ. ಬೆಳಿಗ್ಗೆ ಎದ್ದು ಮುಖ ತೊಳೆದು ಚಹಾ ಕೇಳಿದ. ಚಹಾ ಬರುವುದರೊಳಗೆ ಹೋಗಿಬಿಟ್ಟ. ಆ ಚಹಾ ಯಾರು ಚೆಲ್ಲಿದರು ಅಂತ ರುದ್ರವ್ವನಿಗೆ ಇವತ್ತಿಗೂ ಗೊತ್ತಿಲ್ಲ. ಒಳ್ಳೆಯ ಸಾವು ಅಂದರು ಬಂದವರು. ಸತ್ತವನಿಗೆ ಒಳ್ಳೆಯದೇ ಇರಬಹುದು. ಉಳಿದವಳಿಗೆ ಏನೂ ಹೇಳದೆ ಹೋದ ಹಾಗಾಯಿತು.

ಮಗ ಅಮರ ದೌಂಡದಲ್ಲಿ ರೈಲ್ವೆ ನೌಕರ. ಅಲ್ಲಿ ಕ್ವಾರ್ಟರ್ಸು, ಸೊಸೆ ಸ್ನೇಹಲ್, ಒಂದು ಮೊಮ್ಮಗಳು. ಸೊಸೆ ಮರಾಠಿಯವಳು, ಒಳ್ಳೆಯವಳು. ಅಪ್ಪನ ದಿನಕರ್ಮ ಮುಗಿದ ಮೇಲೆ ಅಮರ ತಾಯಿಯ ಎದುರು ಕೂತ.

"ಅವ್ವಾ, ಒಬ್ಬಾಕಿ ಇಲ್ಲಿ ಏನ್ ಮಾಡ್ತಿ? ನಮ್ಮ ಕೂಡ ನಡಿ."

"ಅಂಗಡಿ?"

"ಸ್ವಪ್ನಿಲ್ ಕೇಳ್ಯಾನ. ಮೊಬೈಲ್ ರಿಪೇರಿ ಹಾಕ್ತಾನಂತ. ನನ್ನ ಕ್ಲಾಸಿನ್ಯಾಂವ ಅಲ್ಲ? ನಿನಗೂ ಗೊತ್ತು. ಛಲೋ ಮನಷ್ಯಾ."

ನಾನೇ ನಡೆಸುತ್ತೇನೆ ಅನ್ನಲು ರುದ್ರವ್ವ ಒಂದು ದಿನವೂ ಕೈಯಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ಗನ್ನು ಹಿಡಿದಿರಲಿಲ್ಲ. ದೌಂಡಕ್ಕೆ ಬರುವುದಿಲ್ಲ ಅನ್ನಲು ಸೊಸೆಯಲ್ಲಿ ಹುಳುಕಿರಲಿಲ್ಲ. ಅಲ್ಲಿಗೆ ಹೋದರೆ ಊಟ, ನಿದ್ದೆ, ಮೊಮ್ಮಗಳು ಎಲ್ಲ ಇರುತ್ತಿತ್ತು. ಆದರೆ ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಆ ಗೂಡಿನಲ್ಲಿ, ಆ ಮೇಜಿನ ಮುಂದೆ ಗಂಡನ ಎದುರು ಕೂತಾಗ ಅವಳು ಬರೀ ಯಾರದೋ ಹೆಂಡತಿ, ಯಾರದೋ ತಾಯಿ ಆಗಿರಲಿಲ್ಲ. ಒಂದು ಕೆಲಸ ಬಲ್ಲವಳಾಗಿದ್ದಳು. ಇದನ್ನು ಬಾಯಿಬಿಟ್ಟು ಹೇಳಲು ಬರಲಿಲ್ಲ.

"ಮಂದಿ ಸಾಮಾನು ಅದಾವಪಾ ಅಂಗಡ್ಯಾಗ," ಅಂದಳು. "ಎಲ್ಲಾ ತಿರುಗಿ ಮುಟ್ಟಿಸಿ ಆಮ್ಯಾಲೆ ಕೀಲಿ ಕೊಡ್ತೀನಿ."

"ಆತು. ದೀಪಾವಳಿ ಆದಮ್ಯಾಲೆ ಒಂದು ಆಯತವಾರ ಬರ್ತೀನಿ. ಸ್ವಪ್ನಿಲ್‌ಗೂ ಬಾ ಅಂತೀನಿ."

ಸಾಮಾನು ಒಂದೊಂದಾಗಿ ಹೋದವು. ಮಿಕ್ಸರು ಒಯ್ದರು, ಸ್ಪೀಕರು ಒಯ್ದರು. ರಿಪೇರಿ ಆಗಿಲ್ಲ ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. "ಇರಲಿ ಮಾವಶಿ, ಕಾಕಾ ಒಳ್ಳೆಯವರಿದ್ದರು," ಅಂದು ತೆಗೆದುಕೊಂಡು ಹೋದರು. ಹಾಗೆ ಅನ್ನುವುದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು. ಕೊನೆಗೆ ಹಲಗೆಯ ಮೇಲೆ ಉಳಿದದ್ದು ಒಂದೇ, ರಂಗೂಬಾಯಿಯ ತಂಬೂರಿ ಪೆಟ್ಟಿಗೆ. ಕರೆಂಟಿಗೆ ಹಚ್ಚಿದರೆ ತಾನೇ ಶ್ರುತಿ ನುಡಿಯುವ ಇಲೆಕ್ಟ್ರಾನಿಕ್ ಪೆಟ್ಟಿಗೆ ಅದು.

ರಂಗೂಬಾಯಿ ಧಾರವಾಡದವರು. ಪುಣೆಗೆ ಬಂದು ನಲವತ್ತು ವರ್ಷದ ಮೇಲಾಯಿತು. ಕೋಥರೂಡದ ಕನ್ನಡ ಹೆಂಗಸರನ್ನು ಕೂಡಿಸಿ ಭಜನಾ ಮಂಡಳಿ ನಡೆಸುತ್ತಾರೆ. ಮಾತು ಹಸಿಮೆಣಸಿನಕಾಯಿ. ಪೆಟ್ಟಿಗೆ ಹಾಗೇ ಒಯ್ಯಿರಿ ಅಂದರೆ ಒಯ್ಯಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೋಲೂರಿ ನಿಂತರು.

"ಹಂಗ ಒಯ್ದು ಏನ್ ಮಾಡಲಿ? ಮ್ಯಾಲೆ ಹೂವಿನ ಕುಂಡಿ ಇಡಲೇನು?"

"ಬ್ಯಾರೆ ಕಡೆ ತೋರಸ್ರಿ ಬಾಯಾರ."

"ಇಲ್ಲಿ ತರೂಕಿಂತ ಮೊದಲ ತೋರಿಸಿದ್ದೆ. ಹಳೇದಾಗೇದ, ಹೊಸಾದು ತಗೋರಿ ಅಂದ ಅಂವ. ಹಂಗ ನೋಡಿದ್ರ ನಾನೂ ಹಳೇದಾಗೀನಿ. ಮನ್ಯಾಗ ನಮ್ಮವರಿಗೆ ಇದನ್ನ ಹೇಳಲೇನು?"

ಪಕ್ಕದಲ್ಲಿ ಮುನಿಸ್ವಾಮಿ ಅಂಗಿಗೆ ನೀರು ಚಿಮುಕಿಸುತ್ತ ನಕ್ಕ. ರುದ್ರವ್ವನಿಗೆ ನಗು ಬರಲಿಲ್ಲ.

"ಮಾಡಾವ್ರು ಇಲ್ಲಲ್ರಿ."

"ಫಕೀರಪ್ಪ ತುಳಸಿ ಲಗ್ನಕ್ಕ ಕೊಡ್ತೀನಿ ಅಂದಿದ್ದ. ಅಂವ ಇಲ್ಲ. ಮಾತು ಇಲ್ಲೇ ಅದ." ರಂಗೂಬಾಯಿ ದನಿ ಇಳಿಸಿದರು. "ಮತ್ತ ನೀ ಇದ್ದೀಯಲ್ಲವಾ. ನಾ ಏನು ನೋಡಿಲ್ಲೇನು? ಅಂವಗ ಕಣ್ಣು ಎಲ್ಲಿದ್ದವು? ನೋಡಾಕಿ ನೀನ ಇದ್ದಿ."

ಕೋಲು ಊರುತ್ತ ಹೋದರು. ಪೆಟ್ಟಿಗೆ ಉಳಿಯಿತು.

ರಂಗೂಬಾಯಿ ಅಂದದ್ದು ಸುಳ್ಳಲ್ಲ. ಸಕ್ಕರೆ ಕಾಯಿಲೆ ಫಕೀರಪ್ಪನ ಕಣ್ಣಿನ ಬೆಳಕನ್ನು ಸ್ವಲ್ಪ ಸ್ವಲ್ಪವೇ ತಿಂದಿತ್ತು. ರಸ್ತೆ ಕಾಣುತ್ತಿತ್ತು, ಮುಖ ಕಾಣುತ್ತಿತ್ತು. ಸರ್ಕಿಟ್ ಬೋರ್ಡಿನ ಮೇಲಿನ ಸಣ್ಣ ತಾಮ್ರದ ಗೆರೆ, ಬಿಡಿಭಾಗಗಳ ಸಣ್ಣ ಕಾಲು ಕಾಣುತ್ತಿರಲಿಲ್ಲ. ಕೈ ಮಾತ್ರ ಗಟ್ಟಿ. ಚೂರೂ ನಡುಗುತ್ತಿರಲಿಲ್ಲ. ಅಂಗಡಿ ಮುಚ್ಚುವ ಮಾತು ಬಂದಾಗ ಅವನೇ ಹೆಂಡತಿಗೆ ಒಂದು ಸ್ಟೂಲು ತಂದು ಮೇಜಿನ ಈ ಬದಿಗೆ ಹಾಕಿದ. "ಕೈ ನಂದು, ಕಣ್ಣು ನಿಂದು," ಅಂದ.

ಮೊದಮೊದಲು ಬರೀ ಜಗಳ. ಅವಳು ರಸ್ತೆಗೆ ಬೆನ್ನು ಮಾಡಿ ಕೂತವಳು. ಅವನು ಗೋಡೆಗೆ ಬೆನ್ನು ಮಾಡಿ ಕೂತವನು.

"ಎಡಕ್ಕ," ಅನ್ನುವಳು ಇವಳು.

"ಯಾರ ಎಡಕ್ಕ?"

"ನನ್ನ ಎಡಕ್ಕ."

"ನಿನ್ನ ಎಡ ನನಗ ಬಲ ಆಗತೈತಿ."

"ಹಂಗಾರ ಬಲಕ್ಕ."

"ಯಾರ ಬಲಕ್ಕ?"

ಅಷ್ಟರಲ್ಲಿ ಗನ್ನಿನ ಮೂತಿ ಎಲ್ಲೋ ತಗಲಿ ಯಾರದೋ ಟೀವಿ ರಿಮೋಟು ಸುಟ್ಟು ವಾಸನೆ ಬರುವುದು. ಒಂದು ದಿನ ಫಕೀರಪ್ಪ ಗನ್ನು ಇಟ್ಟು ಹೇಳಿದ. "ಎಡಾ ಬಲಾ ಬಿಡು. ಅದು ಹೊಳ್ಳಿ ಕುಂತರ ಹೊಳ್ಳತೈತಿ. ಬೇಕರಿ ಹೊಳ್ಳೂದಿಲ್ಲ. ಬೇಕರಿ ಕಡೆ, ಮುನಿಸ್ವಾಮಿ ಕಡೆ, ರಸ್ತೆ ಕಡೆ, ಗೋಡಿ ಕಡೆ. ನಾಕ ದಿಕ್ಕು. ಸಾಕು."

ಎಷ್ಟು ದೂರ ಅನ್ನುವುದನ್ನು ರುದ್ರವ್ವ ಅಡಿಗೆಮನೆಯಿಂದ ತಂದಳು. ಸಾಸಿವೆ, ಜೀರಿಗೆ, ಅಕ್ಕಿಕಾಳು, ತೊಗರಿಬೇಳೆ. ಸಾಸಿವೆ ಎಲ್ಲಕ್ಕಿಂತ ಸಣ್ಣದು. ತೊಗರಿಬೇಳೆ ಬಂತೆಂದರೆ ಬಹಳ ದೂರ ಸರಿಯಬೇಕು. "ಒಂದು ಸಾಸಿವಿ ಬೇಕರಿ ಕಡೆ" ಅಂದರೆ ಫಕೀರಪ್ಪನ ಕೈ ಅಷ್ಟೇ ಸರಿಯುತ್ತಿತ್ತು. ಹೆಚ್ಚಿಲ್ಲ, ಕಡಿಮೆ ಇಲ್ಲ. ಬೋರ್ಡು ಯಾವುದೇ ಬರಲಿ, ವೈರು ಚುಚ್ಚುವ ಬದಿ ರಸ್ತೆಗೆ ಮುಖ ಮಾಡಿ ಇಡಬೇಕು. ಅದೊಂದು ಕಟ್ಟಳೆ. ಇಬ್ಬರೂ ಒಮ್ಮೆಯೂ ಮುರಿಯಲಿಲ್ಲ.

ಪಾಪ ಮುನಿಸ್ವಾಮಿಗೆ ಮೊದಲು ತಿಳಿಯಲಿಲ್ಲ. ದಿನಕ್ಕೆ ನೂರು ಸಲ ಅವನ ಹೆಸರು ಕೇಳಿಸುವುದು. ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ಓಡಿ ಬರುವನು. "ಏನಕ್ಕಾ, ಕರೆದ್ರಾ?" ಅವನು ಕೋಲಾರದ ಕಡೆಯವನು, ಕನ್ನಡ ತಮಿಳು ಎರಡೂ ಆಡುವನು.

"ನಿನ್ನ ಅಲ್ಲೋ ಮಾರಾಯಾ. ನಿನ್ನ ಕಡೆ," ಅನ್ನುವನು ಫಕೀರಪ್ಪ.

"ನನ್ನ ಕಡೆ ಏನಿದೆ?"

"ಒಂದು ಅಕ್ಕಿಕಾಳು ಐತಿ. ಹೋಗು, ಅಂಗಿ ಸುಡತೈತಿ."

ಹೀಗೆ ಏಳು ವರ್ಷ ನಡೆಯಿತು. ಗಂಡ ಹೆಂಡತಿ ಅಷ್ಟು ಮಾತಾಡಿದ್ದು ಮದುವೆಯಾದ ಮೇಲೆ ಆಗಲೇ. ಅದಕ್ಕೂ ಮೊದಲು ಅವನು ಬೆಳಿಗ್ಗೆ ಹೋಗಿ ರಾತ್ರಿ ಬರುತ್ತಿದ್ದ. ಉಂಡೆಯಾ, ಮಲಗಿದೆಯಾ, ಅಷ್ಟೇ. ಕಣ್ಣು ಹೋದ ಮೇಲೆ ಮಾತು ಬಂತು. ಎಲ್ಲ ಸಾಸಿವೆ ಜೀರಿಗೆಯ ಮಾತೇ. ಆದರೂ ಮಾತು ಮಾತೇ.

ತಂಬೂರಿ ಪೆಟ್ಟಿಗೆಯನ್ನು ಅವನು ಸಾಯುವ ಹಿಂದಿನ ದಿನ ಇಬ್ಬರೂ ಬಿಚ್ಚಿದ್ದರು. ಭಜನೆಯಲ್ಲಿ ಯಾರೋ ಪ್ರಸಾದದ ತಟ್ಟೆ ಹಿಡಿದು ಬರುವಾಗ ವೈರಿಗೆ ಕಾಲು ಸಿಕ್ಕಿ ಪೆಟ್ಟಿಗೆ ನೆಲಕ್ಕೆ ಬಿದ್ದಿತ್ತು. ಅಡಾಪ್ಟರಿನ ಪಿನ್ನು ಕೂರುವ ಸಾಕೆಟ್ಟು ಕಾಲು ಮುರಿದು ಕಿತ್ತು ಬಂದಿತ್ತು. ರುದ್ರವ್ವ ಬಗ್ಗಿ ನೋಡಿ ಹೇಳಿದ್ದಳು. "ಮೂರು ಕಾಲಿನಾಗ ಎರಡರ ಬುಡ ಗಟ್ಟಿ ಅದಾವು. ಒಂದರ ಬುಡದಾಗ ತಾಮ್ರನ ಇಲ್ಲ, ಸುಲದು ಹೋಗೈತಿ. ಆ ಗೆರಿ ಬೇಕರಿ ಕಡೆ ಹೊಕ್ಕೈತಿ. ಬೇಕರಿ ಕಡೆ ಸಣ್ಣ ಕರಿ ಡಬ್ಬಿ ಐತಲ್ಲ, ಅದರ ಗೋಡಿ ಕಡೆ ಕಾಲಿಗೆ ಕೂಡತೈತಿ."

"ಹಂಗಾರ ಹೊಸಾ ಸಾಕೆಟ್ ಕುಂದರಿಸಿ, ಆ ಕಾಲಿನಿಂದ ಡಬ್ಬಿ ಕಾಲಿಗೆ ಒಂದು ತಂತಿ ಎಳಿಯೂಣು," ಅಂದಿದ್ದ ಅವನು. "ನಾಳೆ."

ಆ ನಾಳೆ ಬರಲಿಲ್ಲ.

ಅಮರ ಬರುವ ಆಯತವಾರ ಹತ್ತಿರ ಬಂತು. ಶುಕ್ರವಾರ ರುದ್ರವ್ವ ಪೆಟ್ಟಿಗೆ, ಗನ್ನು, ಬೆಸುಗೆಯ ಸೀಸದ ತಂತಿ, ಮೀಟರು ಎಲ್ಲ ಚೀಲದಲ್ಲಿ ತುಂಬಿ ಮನೆಗೆ ಒಯ್ದಳು. ಅಂಗಡಿಯಲ್ಲಿ ಮಾಡಲು ನಾಚಿಕೆ. ಗಂಡ ಸತ್ತ ಹೆಂಗಸು ಗಂಡನ ಗನ್ನು ಹಿಡಿದು ಕೂತಿದ್ದಾಳೆ ಅಂತ ಹೋಗುವವರು ಬರುವವರು ನಿಂತು ನೋಡುತ್ತಾರೆ. ಕೆಟ್ಟರೆ ಎಲ್ಲರೆದುರು ಕೆಡುತ್ತದೆ. ಮನೆಯಲ್ಲಾದರೆ ಬಾಗಿಲು ಹಾಕಿಕೊಂಡು ಮಾಡಬಹುದು. ಆದರೆ ಆಯಿತು. ಆಗದಿದ್ದರೆ ಕೀಲಿ ಕೊಟ್ಟು ದೌಂಡದ ಗಾಡಿ ಹತ್ತುವುದು. ಹಾಗಂತ ತನಗೆ ತಾನೇ ಗೊತ್ತು ಮಾಡಿಕೊಂಡಳು.

ಅಡಿಗೆ ಕಟ್ಟೆಯ ಮೇಲೆ ಹಳೆ ಪೇಪರು ಹಾಸಿ ಬೋರ್ಡು ಇಟ್ಟಳು. ಗನ್ನು ಕಾಯಿತು. ಸಾಕೆಟ್ಟಿನ ಮುರಿದ ಕಾಲಿನ ತುಂಡುಗಳು ತೂತಿನಲ್ಲೇ ಉಳಿದಿದ್ದವು. ಸೀಸ ಕರಗಿಸಿ ಚಿಮಟಿಗೆಯಿಂದ ಒಂದೊಂದೇ ಕಿತ್ತಳು. ಹೆಣೆದ ತಾಮ್ರದ ಪಟ್ಟಿ ಇಟ್ಟು ಹಳೆ ಸೀಸ ಹೀರಿಸಿದಳು. ಬಟ್ಟೆಗೆ ಸ್ಪಿರಿಟ್ ಹಾಕಿ ಒರೆಸಿದಳು. ಬೆರಳು ಎರಡು ಕಡೆ ಸುಟ್ಟಿತು. ಒಲೆಯ ಮುಂದೆ ಸುಡದ ಬೆರಳೇನಲ್ಲ ಅದು. ಗಂಡನ ಬಿಡಿಭಾಗದ ಡಬ್ಬಿಯಿಂದ ಹೊಸ ಸಾಕೆಟ್ಟು ಹುಡುಕಿ ತೆಗೆದಳು. ಮೂರು ಕಾಲೂ ತೂತಿನಲ್ಲಿ ಕೂತವು. ಗಟ್ಟಿ ಬುಡ ಇದ್ದ ಎರಡು ಕಾಲಿಗೆ ಸೀಸ ಬಿಟ್ಟಳು. ಇಷ್ಟು ಆಗುತ್ತದೆ ಅಂತ ಅವಳಿಗೇ ನಂಬಿಕೆ ಇರಲಿಲ್ಲ. ಆಯಿತು.

ಇನ್ನು ತಂತಿ ಎಳೆಯಬೇಕು. ಬೇಕರಿ ಕಡೆಯ ಕರಿ ಡಬ್ಬಿಗೆ.

ಬೋರ್ಡಿನ ಮೇಲೆ ಕರಿ ಡಬ್ಬಿ ಎರಡಿದ್ದವು. ಆಚೆಗೊಂದು, ಈಚೆಗೊಂದು. ಯಾವುದು ಬೇಕರಿ ಕಡೆಯದು?

ರುದ್ರವ್ವ ಕಟ್ಟೆಯ ಮುಂದೆ ನಿಂತು ಯೋಚಿಸಿದಳು. ಈ ಮನೆಯಲ್ಲಿ ಬೇಕರಿ ಎಲ್ಲಿ? ಕಿಟಕಿ ರಸ್ತೆ ಅಂತ ಇಟ್ಟುಕೊಂಡಳು. ಆದರೆ ಬೋರ್ಡನ್ನು ಅಷ್ಟು ಹೊತ್ತಿಗೆ ಎಷ್ಟೋ ಸಲ ತಿರುಗಿಸಿ ಮಗುಚಿ ಆಗಿತ್ತು. ಬಾಗಿಲು ಮುನಿಸ್ವಾಮಿ ಅಂದರೆ ಒಂದು ಡಬ್ಬಿ ಬರುತ್ತದೆ. ನೀರಿನ ಹಂಡೆ ಮುನಿಸ್ವಾಮಿ ಅಂದರೆ ಇನ್ನೊಂದು ಬರುತ್ತದೆ. ಸುಲಿದ ಗೆರೆ ಎಲ್ಲಿಗೆ ಹೋಗುತ್ತಿತ್ತು ಅಂತ ಬಗ್ಗಿ ನೋಡಿದಳು. ಬೆಸುಗೆಗೆ ಹಚ್ಚುವ ಪೇಸ್ಟು ಸುಟ್ಟ ಕಲೆಯಲ್ಲಿ ಏನೂ ಕಾಣಲಿಲ್ಲ. ತಾನು ಆಡಿದ ಮಾತು ಕಿವಿಯಲ್ಲಿ ಹಾಗೇ ಇತ್ತು. ಆ ಮಾತಿಗೆ ಇಲ್ಲಿ ನೆಲವೇ ಇರಲಿಲ್ಲ.

ಕೊನೆಗೆ ಮನಸ್ಸಿಗೆ ಬಂದ ಡಬ್ಬಿಗೆ ತಂತಿ ಹಚ್ಚಿದಳು. ಅಡಾಪ್ಟರು ಚುಚ್ಚುವ ಮೊದಲು ಮೀಟರು ಹಿಡಿಯಬೇಕು. ಫಕೀರಪ್ಪ ಎಷ್ಟೇ ಅವಸರ ಇದ್ದರೂ ಅದನ್ನು ಬಿಟ್ಟವನಲ್ಲ. ಪ್ಲಸ್ಸಿಗೆ ಕೆಂಪು ಕಡ್ಡಿ, ಮೈನಸ್ಸಿಗೆ ಕಪ್ಪು ಕಡ್ಡಿ ಇಟ್ಟಳು. ಎರಡೂ ಬೇರೆ ಬೇರೆ ಇದ್ದರೆ ಮೀಟರು ಸುಮ್ಮನಿರಬೇಕು.

ಮೀಟರು ಕುಂಯ್ ಅಂತ ಕೂಗಿತು.

ಪ್ಲಸ್ಸು ಮೈನಸ್ಸು ಒಂದಕ್ಕೊಂದು ಕೂಡಿಕೊಂಡಿದ್ದವು. ಕರೆಂಟು ಕೊಟ್ಟಿದ್ದರೆ ಪೆಟ್ಟಿಗೆ ಸತ್ತೇ ಹೋಗುತ್ತಿತ್ತು. ರುದ್ರವ್ವ ಗನ್ನಿನ ಪ್ಲಗ್ಗು ಕಿತ್ತಳು. ನೆಲದ ಮೇಲೆ ಕೂತಳು. ಗಂಡನಿಗೆ ಒಂದೆರಡು ಬೈಗುಳ ಬೈದಳು. ಹೋಗುವವನು ಚಹಾ ಕುಡಿದಾದರೂ ಹೋಗಬೇಕಿತ್ತು. ಆಮೇಲೆ ಎದ್ದು ತಪ್ಪು ತಂತಿ ಕತ್ತರಿಸಿ ತೆಗೆದು, ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿದಳು. ತನ್ನಿಂದ ಆಗದ ಕೆಲಸ ಅಂತ ಗಟ್ಟಿ ಮಾಡಿಕೊಂಡಳು.

ಶನಿವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಅಂಗಡಿಯಲ್ಲಿಟ್ಟು ರಂಗೂಬಾಯಿಗೆ ಹೇಳಿ ಕಳಿಸೋಣ ಅಂತ ಬಂದಳು. ಶಟರು ಎತ್ತಿದಳು. ಬೇಕರಿಯಲ್ಲಿ ಖಾರಿ ಬಿಸ್ಕೀಟು ಭಟ್ಟಿಯಿಂದ ಇಳಿಯುವ ಹೊತ್ತು. ಬೆಣ್ಣೆಯ ವಾಸನೆ ಅಂಗಡಿಯೊಳಗೆಲ್ಲ ತುಂಬಿತ್ತು. ಆ ಕಡೆ ಮುನಿಸ್ವಾಮಿ ಇದ್ದಿಲು ಊದುತ್ತಿದ್ದ. ರುದ್ರವ್ವ ಸುಮ್ಮನೆ ತನ್ನ ಸ್ಟೂಲಿನ ಮೇಲೆ ಕೂತಳು. ಬೋರ್ಡನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಕೈ ಯೋಚನೆ ಮಾಡಲಿಲ್ಲ. ಸಾಕೆಟ್ಟಿನ ಮುಖ ರಸ್ತೆ ಕಡೆ ಮಾಡಿಯೇ ಇಟ್ಟಿತು.

ಕಣ್ಣು ತಾನಾಗಿಯೇ ಬೇಕರಿ ಕಡೆ ಹೋಯಿತು. ಅಲ್ಲಿ ಡಬ್ಬಿ ಇತ್ತು. ಅದರ ಗೋಡೆ ಕಡೆಯ ಕಾಲು ಇತ್ತು. ಕೇಳುವುದೇನೂ ಇರಲಿಲ್ಲ. ಮನೆಯಲ್ಲಿ ಅಷ್ಟು ಹೊತ್ತು ಹುಡುಕಿದ್ದು ಇಲ್ಲಿ ಬಾಯಿ ತೆರೆದು ಕೂತಿತ್ತು.

ರುದ್ರವ್ವ ಗನ್ನು ಚುಚ್ಚಿದಳು. ಎದುರಿನ ಕುರ್ಚಿ ಖಾಲಿ ಇತ್ತು. ಆ ಕುರ್ಚಿಗೆ ಹೋಗಿ ಕೂರಬೇಕು ಅಂತ ಅವಳಿಗೆ ಅನ್ನಿಸಲಿಲ್ಲ. ಅಲ್ಲಿಂದ ಅವಳು ಎಂದೂ ನೋಡಿರಲಿಲ್ಲ. ಇಲ್ಲಿಂದಲೇ ನೋಡಿದ್ದು. ತಂತಿಯ ತುದಿ ಹೆರೆದು, ಪೇಸ್ಟು ಹಚ್ಚಿ, ಚಿಮಟಿಗೆಯಲ್ಲಿ ಹಿಡಿದಳು. ಬಲಗೈಯಲ್ಲಿ ಗನ್ನು. ಆಗ ಬಾಯಿಗೆ ಮಾತು ಬಂತು.

"ರೀ, ಗೋಡಿ ಕಡೆ ಹೋಗ್ರಿ. ಇನ್ನೂ ಒಂದು ಜೀರಿಗಿ. ಸಾಕು. ಈಗ ಬೇಕರಿ ಕಡೆ. ಒಂದು ಸಾಸಿವಿ. ತಡೀರಿ. ಮುಟ್ರಿ."

ಕೈ ಕೇಳಿತು. ಎಷ್ಟು ಹೇಳಿದಳೋ ಅಷ್ಟೇ ಸರಿಯಿತು. ಸೀಸ ಕರಗಿ ಕಾಲಿನ ಸುತ್ತ ಮಿಂಚಿತು.

"ಎತ್ರಿ," ಅಂದಳು. ಕೈ ಎದ್ದಿತು.

ಎರಡನೆಯ ತುದಿ ಉಳಿದಿತ್ತು. "ಈಗ ರಸ್ತೆ ಕಡೆ ಬರ್ರಿ. ಒಂದು ತೊಗರಿಬ್ಯಾಳಿ. ಹೆಚ್ಚಾತು. ಒಂದಕ್ಕಿ ಮುನಿಸ್ವಾಮಿ ಕಡೆ."

ಪಕ್ಕದಲ್ಲಿ ಇದ್ದಿಲು ಊದುವ ಸದ್ದು ನಿಂತಿತು. ಮುನಿಸ್ವಾಮಿ ಎರಡು ಹೆಜ್ಜೆ ಬಂದು ಇಣುಕಿದ. ಎದುರು ಕುರ್ಚಿ ನೋಡಿದ. ರುದ್ರವ್ವನನ್ನು ನೋಡಿದ. ತನ್ನ ಗಾಡಿಗೆ ಹೋದ. ಹಿಂದಿನಿಂದ ಯಾರೋ ಗಿರಾಕಿ ಅಂಗಿ ಕೇಳಿದರೆ, "ಸ್ವಲ್ಪ ಸುಮ್ಮನಿರಿ, ಒಳಗೆ ಕೆಲಸ ನಡೀತಿದೆ," ಅಂದದ್ದು ಕೇಳಿಸಿತು.

ರುದ್ರವ್ವನ ಕಣ್ಣು ತುಂಬಿತು. ಬೋರ್ಡಿನ ಮೇಲೆ ನೀರು ಬೀಳಬಾರದು. ಮುಖ ಪಕ್ಕಕ್ಕೆ ತಿರುಗಿಸಿ ಸೆರಗಿನಿಂದ ಒರೆಸಿಕೊಂಡಳು. ಮತ್ತೆ ಬಗ್ಗಿ ಎರಡನೆಯ ತುದಿಯನ್ನೂ ಹಚ್ಚಿದಳು. ಸಾಕೆಟ್ಟು ಮತ್ತೆ ಕಿತ್ತು ಬರಬಾರದೆಂದು ಬುಡಕ್ಕೆ ಅಂಟು ಸುರಿದಳು. ಅದು ಒಣಗುವ ತನಕ ಬೇಕರಿಯ ಹುಡುಗಿ ಭಾಮಾ ಕೊಟ್ಟ ಚಹಾ ಕುಡಿದಳು. ಗಂಡ ಹೋದ ಮೇಲೆ ಚಹಾ ರುಚಿ ಹತ್ತಿದ್ದು ಅವತ್ತೇ.

ಮೀಟರು ಹಿಡಿದಳು. ಕೂಗಬಾರದ ಕಡೆ ಕೂಗಲಿಲ್ಲ. ಕೂಗಬೇಕಾದ ಕಡೆ ಕೂಗಿತು. ಅಡಾಪ್ಟರು ಚುಚ್ಚಿದಳು. ಕೆಂಪು ದೀಪ ಹತ್ತಿತು. ತಂಬೂರಿ ನಿದ್ದೆಯಿಂದ ಎದ್ದವರ ಹಾಗೆ ಒಂದು ಸಲ ಕೆಮ್ಮಿ, ಆಮೇಲೆ ಸಾವಕಾಶ ಗುಂಯ್‌ಗುಡತೊಡಗಿತು. ರುದ್ರವ್ವ ಅದನ್ನು ಆರಿಸಲಿಲ್ಲ. ಬಸ್ಸುಗಳ ಗದ್ದಲದಲ್ಲಿ ಅದು ಮಧ್ಯಾಹ್ನದ ತನಕ ಹಾಗೇ ನುಡಿಯುತ್ತಿತ್ತು.

ಆಯತವಾರ ಅಮರ ಬಂದ. ಸ್ವಪ್ನಿಲ್ ಬೈಕಿನ ಮೇಲೆ ಬಂದ. ರಂಗೂಬಾಯಿ ರಿಕ್ಷಾದಲ್ಲಿ ಬಂದರು. ಅಂಗಡಿಯಲ್ಲಿ ಜಾಗ ಸಾಲದೆ ಎಲ್ಲರೂ ಮೆಟ್ಟಿಲ ಮೇಲೆ ನಿಂತರು. ರಂಗೂಬಾಯಿ ಪೆಟ್ಟಿಗೆಯ ಗುಂಡಿ ತಿರುಗಿಸಿ ಕಿವಿಗೊಟ್ಟರು.

"ಶ್ರುತಿ ಏರಿಸಿ ಕರಿ ನಾಕಕ್ಕ ಇಟ್ಟೀಯಲ್ಲ, ನಾ ಏನು ಹದಿನಾರು ವರ್ಷದ ಹುಡಿಗೇನು?" ಅಂದರು. ಗುಂಡಿ ಇಳಿಸಿ ತಮ್ಮ ದನಿಗೆ ತಂದುಕೊಂಡರು. ಒಂದು ಸಲ ಸಣ್ಣಗೆ ಸಾ ಅಂದರು. ಕಣ್ಣು ಮುಚ್ಚಿ ತಲೆಯಾಡಿಸಿದರು. "ಅದ. ಜೀವ ಅದ." ಹೊಗಳಿಕೆ ಅಂದರೆ ಅವರ ಬಾಯಲ್ಲಿ ಅಷ್ಟೇ.

ಅಮರ ತಾಯಿಯ ಮುಖ ನೋಡಿದ. "ಇದನ್ನ ಯಾರು ಮಾಡಿದ್ರು?"

"ನಾನ."

"ನೀನ?"

"ಮತ್ತ್ಯಾರದಾರ ಇಲ್ಲಿ?"

ಸ್ವಪ್ನಿಲ್ ಪೆಟ್ಟಿಗೆಯ ಹಿಂಬದಿ ಬಿಚ್ಚಿ ಟಾರ್ಚು ಬಿಟ್ಟು ನೋಡಿದ. ಅವನ ಮನೆಮಾತು ಮರಾಠಿ. ಅಮರನ ಜೊತೆ ಬೆಳೆದು ಕನ್ನಡ ಅರ್ಧಮರ್ಧ ಬರುತ್ತಿತ್ತು. "ಮಾವಶಿ, ಇದು ಸೋಲ್ಡರ್ ಅಲ್ಲ, ಸಾಬೂದಾಣಿ ವಡಾ. ಇಷ್ಟು ಸೀಸದಾಗ ನಾನು ಹತ್ತು ಮೊಬೈಲ್ ಮಾಡ್ತೇನೆ."

"ಹಿಡದೈತಿಲ್ಲೋ?"

"ಹಿಡಿದಿದೆ. ಆನೆ ಎಳೆದರೂ ಬರೂದಿಲ್ಲ."

"ಮತ್ತ ಹೊಟ್ಟಿ ತುಂಬ ವಡಾ ತಿನ್ನು, ಸುಮ್ಮನಿರು."

ಎಲ್ಲರೂ ನಕ್ಕರು. ರುದ್ರವ್ವನೂ ನಕ್ಕಳು. ನಗುತ್ತಲೇ ಮಗನ ಕಡೆ ತಿರುಗಿದಳು.

"ಅಮರಾ, ಕೀಲಿ ಕೊಡೂದಿಲ್ಲಪಾ ನಾ. ಸ್ವಪ್ನಿಲ್‌ಗ ಬ್ಯಾರೆ ಕಡೆ ಜಾಗಾ ಹುಡಕ್ರಿ."

ಅಮರನಿಗೆ ಸಿಟ್ಟು ಬರಲಿಲ್ಲ. ಗಾಬರಿಯಾಯಿತು. "ಅವ್ವಾ, ಕೆಲಸ ಮಾಡೂದ ಬ್ಯಾಡ ಅನ್ನೂದಿಲ್ಲ ನಾ. ದೌಂಡದಾಗ ಮಾಡು. ವರಾಂಡಾದಾಗ ನಿನಗ ಇಂಥಾದ ಟೇಬಲ್ ಮಾಡಸ್ತೀನಿ. ಲೈಟ್ ಹಾಕಸ್ತೀನಿ. ಸ್ಟೇಶನ್ ಮಂದಿದು ದಿನಾ ಒಂದು ರೇಡಿಯೋ ಕೆಟ್ಟಿರತೈತಿ."

"ಟೇಬಲ್ ಮಾಡಸ್ತಿ. ಲೈಟ್ ಹಾಕಸ್ತಿ. ಬೇಕರಿ ಎಲ್ಲಿಂದ ತರ್ತಿ?"

ಅಮರನಿಗೆ ತಿಳಿಯಲಿಲ್ಲ. ರಂಗೂಬಾಯಿಗೂ ತಿಳಿಯಲಿಲ್ಲ. ಮುನಿಸ್ವಾಮಿಗೆ ತಿಳಿಯಿತು. ಅವನು ಅಂಗಿ ಮಡಚುತ್ತ ಅಂದ, "ತಮ್ಮಾ, ಬೇಕರಿ ಒಂದೇ ತಂದ್ರೆ ಸಾಲದು. ನನ್ನನ್ನೂ ದೌಂಡಕ್ಕೆ ಕರ್ಕೊಂಡು ಹೋಗಬೇಕಾಗುತ್ತೆ. ನನಗೆ ರೈಲು ಆಗಿಬರಲ್ಲ."

ರುದ್ರವ್ವ ಮಗನನ್ನು ಕರೆದು ಅಪ್ಪನ ಕುರ್ಚಿಯಲ್ಲಿ ಕೂರಿಸಿದಳು. ಒಂದು ಹಾಳು ಬೋರ್ಡು ಮುಂದಿಟ್ಟಳು. ಗನ್ನು ಕೈಗೆ ಕೊಟ್ಟಳು. ಕಣ್ಣು ಮುಚ್ಚು ಅಂದಳು. "ಎರಡಕ್ಕಿ ಗೋಡಿ ಕಡೆ. ಒಂದು ಜೀರಿಗಿ ಬೇಕರಿ ಕಡೆ. ಇನ್ನೊಂದು ಸಾಸಿವಿ. ಸಾಕು. ಇಳಿಸು." ಅಮರ ಕಣ್ಣು ತೆರೆದ. ಗನ್ನಿನ ಮೂತಿ ಸೀಸದ ಒಂದು ಸಣ್ಣ ಚುಕ್ಕೆಯ ಮೇಲೆ ಸರಿಯಾಗಿ ಕೂತಿತ್ತು.

"ಹಿಂಗ ಮಾಡ್ತಿದ್ರೇನು ನೀವು?"

"ಹಿಂಗ ಮಾಡ್ತಿದ್ದಿವಿ."

"ನನಗ್ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ."

ಅಮರ ಗನ್ನು ಕೆಳಗಿಟ್ಟ. ಸ್ವಪ್ನಿಲ್ ಕಡೆ ನೋಡಿದ. ಸ್ವಪ್ನಿಲ್ ಹೆಲ್ಮೆಟ್ಟು ಎತ್ತಿಕೊಂಡ. "ದಾದಾ, ನಾನು ವಿಮಾನ ನಗರದಾಗೂ ಒಂದು ಜಾಗಾ ನೋಡಿದ್ದೇನೆ. ಅಲ್ಲಿ ಆಫೀಸಿನ ಮಂದಿ ಬಹಳ. ಈ ಮಾವಶಿ ಕೂಡ ಜಗಳಾ ಮಾಡಿ ನಾನು ಈ ರಸ್ತೆದಾಗ ಬದುಕೂದಿಲ್ಲ," ಅಂದ. ಹೋಗುವಾಗ ತಿರುಗಿ, "ಮಾವಶಿ, ಸೀಸ ಕಡಿಮಿ ಹಾಕಿರಿ," ಅಂತ ಕೂಗಿ ಹೋದ.

ಗುರುವಾರ ಆ ಭಾಗದಲ್ಲಿ ಕರೆಂಟು ತೆಗೆಯುವುದುಂಟು. ಅಂಗಡಿಗೆ ರಜೆ. ಬುಧವಾರ ಸಂಜೆ ದೌಂಡಕ್ಕೆ ಬಂದು ಶುಕ್ರವಾರ ಬೆಳಿಗ್ಗೆ ವಾಪಸು ಹೋಗಬೇಕು, ಇದಕ್ಕೆ ತಪ್ಪಬಾರದು ಅಂತ ಅಮರ ಮಾತು ತೆಗೆದುಕೊಂಡ. ರುದ್ರವ್ವ ಕೊಟ್ಟಳು. ಮೊಮ್ಮಗಳ ಕೂಡ ಒಂದು ದಿನ ಆಡಲು ಯಾರಿಗೆ ಬೇಡ?

ಸೋಮವಾರ ಅವಳು ಶಟರು ಎತ್ತಿ, ಕಸ ಹೊಡೆದು, ಊದುಬತ್ತಿ ಹಚ್ಚಿದಳು. ಸ್ಟೂಲಿನ ಮೇಲೆ ಕೂರುವುದರೊಳಗೆ ಒಬ್ಬ ಸ್ಪೀಕರು ಹಿಡಿದುಕೊಂಡು ಬಂದ. ಹೊಸಬ. ಅವಳ ಬೆನ್ನ ಹಿಂದೆ ನಿಂತು ಮರಾಠಿಯಲ್ಲಿ ಕೇಳಿದ. "ಬಾಯಿ, ಫಕೀರಪ್ಪ ಇದ್ದಾರಾ? ಇಲ್ಲಿ ರಿಪೇರಿ ಮಾಡ್ತಾರೆ ಅಂತ ಹೇಳಿದರು."

"ಇಲ್ಲ, ತೀರಿಕೊಂಡರು," ಅಂದಳು ರುದ್ರವ್ವ ಮರಾಠಿಯಲ್ಲೇ.

ಅವನು ಏನೋ ಸಮಾಧಾನದ ಮಾತು ಹೇಳಲು ಹೊರಟ. ರುದ್ರವ್ವ ತಿರುಗಿ ಸ್ಪೀಕರಿಗೆ ಕೈ ಚಾಚಿದಳು.

"ಕೆಲಸ ನಾನು ಮಾಡ್ತೀನಿ. ಏನಾಗಿದೆ ಇದಕ್ಕೆ? ಮೊದಲು ನೀವು ಬೆಳಕು ಬಿಟ್ಟು ನಿಲ್ಲಿ."